ಕಾನಾನ್ ಹೆಂಗಸು ವಾದ ಮಾಡಿ ಗೆದ್ದಳು

ಬೈಬಲಿನಲ್ಲಿ ಯೇಸುವಿನ ಕಥೆ ಹೇಳೋ ಮತ್ತಾಯನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಒಬ್ಬಳು ಕಾನಾನ್ ಹೆಂಗಸು ಬರುತ್ತಾಳೆ. ನಮ್ಮ ಕಥೋಲಿಕ ಚರ್ಚುಗಳಲ್ಲಿ ಭಾನುವಾರದ ಪೂಜೆಗೆ ಅವಳ ಕಥೆ ಓದೋ ಸರದಿ ಮೂರು ವರ್ಷಕ್ಕೊಮ್ಮೆ, ಆಗಸ್ಟ್‌ನಲ್ಲಿ. 2023ರಲ್ಲಿ ಆಗಸ್ಟ್ 20ಕ್ಕೆ ಬಂದಿತ್ತು, ಮಲೆನಾಡಲ್ಲೂ ಮಳೆ ಕೈಕೊಟ್ಟ ವರ್ಷ ಅದು. ಪ್ರಬೋಧನೆಯಲ್ಲಿ ಪ್ರತಿ ಸಲ ಕೇಳೋದು ಒಂದೇ ಮಾತು: ಯೇಸು ಅವಳ ನಂಬಿಕೆಯನ್ನು ಪರೀಕ್ಷೆ ಮಾಡಿದರು, ಅವಳು ತಗ್ಗಿ ಬಗ್ಗಿ ನಡೆದಳು, ಪಾಸಾದಳು. ನನಗೆ ಈ ವಿವರಣೆ ಗಂಟಲಲ್ಲಿ ಇಳಿಯೋದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಯೇಸು ಗಲಿಲೇಯ ಬಿಟ್ಟು ಟೈರ್, ಸಿದೋನ್ ಕಡೆ ಹೋಗಿರುತ್ತಾರೆ. ಈಗಿನ ಲೆಬನಾನ್ ಕರಾವಳಿ ಅದು, ಯೆಹೂದ್ಯರಿಗೆ ಹೊರಗಿನವರ ನಾಡು. ಈ ಹೆಂಗಸು ಬಂದು, ಮಗಳಿಗೆ ದೆವ್ವ ಹಿಡಿದಿದೆ, ಕರುಣೆ ತೋರಿಸಿ ಅಂತ ಕೂಗುತ್ತಾಳೆ. ಯೇಸು ತುಟಿ ಪಿಟಕ್ ಅನ್ನೋದಿಲ್ಲ. ಶಿಷ್ಯರಿಗೆ ಕಿರಿಕಿರಿ, ಇವಳನ್ನು ಸಾಗಹಾಕಿ ಅನ್ನುತ್ತಾರೆ. ನಾನು ಬಂದಿರೋದು ಇಸ್ರಯೇಲಿನ ತಪ್ಪಿಹೋದ ಕುರಿಗಳಿಗೆ ಮಾತ್ರ ಅಂತ ಯೇಸು ಹೇಳುತ್ತಾರೆ. ಅವಳು ಕಾಲಿಗೆ ಬೀಳುತ್ತಾಳೆ. ಆಗ ಬರುತ್ತೆ ನೋಡಿ ಆ ಮಾತು: ಮಕ್ಕಳ ರೊಟ್ಟಿ ತೆಗೆದು ನಾಯಿಗೆ ಹಾಕೋದು ಸರಿಯಲ್ಲ. ಮಕ್ಕಳು ಅಂದರೆ ಇಸ್ರಯೇಲಿನವರು, ನಾಯಿ ಅಂದರೆ ಇವಳಂಥ ಹೊರಗಿನವರು.

ಮೊನ್ನೆ ಅಡಿಕೆ ಸುಲಿತದ ಹೊತ್ತಲ್ಲಿ ನಾನು ಈ ಕಥೆಯನ್ನು ಸುಮ್ನೆ ಹೇಳುತ್ತಾ ಕೂತಿದ್ದೆ. ಸುಲಿಯೋಕೆ ಬಂದವರಲ್ಲಿ ಕ್ರೈಸ್ತರು ಯಾರೂ ಇರಲಿಲ್ಲ. ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಕಿವಿ ಮಾತಿನ ಕಡೆ ಇದ್ದರೂ ಕೈ ನಿಲ್ಲೋದಿಲ್ಲ. ನಾಯಿಯ ಮಾತು ಬಂದಾಗ ಮಾತ್ರ ಒಬ್ಬ ಹಿರಿಯ ಹೆಂಗಸಿನ ಕೈ ಮೆಟ್ಟುಗತ್ತಿ ಮೇಲೆ ಹಾಗೇ ನಿಂತಿತು. ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿತ್ತು. "ಅಲ್ಲ ಮಾರಾಯ್ತಿ, ದೇವರಂಥವರು ಹಂಗಂತಾರಾ?" ಅಂದರು. ಅಂದಿದಾರಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಮಗು ಮಲಗಿರೋವಾಗ ಬೈದರೆ ಬೈಲಿ. ಬರಿಗೈಲಿ ಕಳಿಸಬಾರದು, ಅಷ್ಟೇ" ಅಂದರು.

ನಾನು ಕೇಳಿದ ಎಷ್ಟೋ ಪ್ರಬೋಧನೆಗಳಿಗಿಂತ ಈ ಮಾತು ಕಥೆಗೆ ಹತ್ತಿರ ಇದೆ. ಬೈಗುಳವನ್ನು ಸಕ್ಕರೆ ಹಚ್ಚಿ ನುಂಗಲಿಲ್ಲ ಅವರು. ಬೈದದ್ದು ಬೈದದ್ದೇ.

ಇನ್ನು ಪರೀಕ್ಷೆ ಅನ್ನೋ ವಿಷಯ. ಯೊವಾನ್ನನ ಶುಭಸಂದೇಶದ 6ನೇ ಅಧ್ಯಾಯದಲ್ಲಿ, ಇಷ್ಟು ಜನಕ್ಕೆ ರೊಟ್ಟಿ ಎಲ್ಲಿಂದ ತರೋಣ ಅಂತ ಯೇಸು ಫಿಲಿಪ್ಪನನ್ನು ಕೇಳಿದಾಗ, ಅವನನ್ನು ಪರೀಕ್ಷಿಸೋಕೆ ಹಾಗೆ ಕೇಳಿದರು ಅಂತ ಬಾಯಿಬಿಟ್ಟು ಬರೆದಿದೆ. ಕಾನಾನ್ ಹೆಂಗಸಿನ ಕಥೆ ಬರೆದ ಮತ್ತಾಯನಾಗಲಿ ಮಾರ್ಕನಾಗಲಿ ಅಂಥ ಒಂದು ಸಾಲೂ ಬರೆದಿಲ್ಲ. ಪರೀಕ್ಷೆ ನಾವು ಸೇರಿಸಿಕೊಂಡಿದ್ದು, ನಮ್ಮ ಮುಜುಗರ ಕಳೆಯೋಕೆ.

ಅವಳ ಉತ್ತರ ನೋಡಿ. ಹೌದು ಸ್ವಾಮೀ, ಆದರೆ ಯಜಮಾನರ ಮೇಜಿಂದ ಬಿದ್ದ ಚೂರನ್ನು ನಾಯಿಗಳೂ ತಿನ್ನುತ್ತವಲ್ಲ? ಇದನ್ನು ವಿನಯ ಅನ್ನುತ್ತಾರೆ. ನನಗೆ ಇದು ಒಳ್ಳೇ ವಾದ. ಅವರ ಮಾತನ್ನೇ ಹಿಡಿದು ಅವರಿಗೇ ತಿರುಗಿಸಿದ್ದಾಳೆ. ಮಕ್ಕಳು ಮೊದಲು ತಿನ್ನಲಿ, ಬೇಡ ಅನ್ನೋದಿಲ್ಲ ಅವಳು. ಮಕ್ಕಳು ತಿಂದ ಮೇಲೂ ಉಳಿಯುತ್ತೆ ಅನ್ನೋದು ಅವಳ ಲೆಕ್ಕ. ಅದೇ ಅವಳ ನಂಬಿಕೆ ಅಂತ ನಾನು ತಿಳಿದುಕೊಂಡಿರೋದು: ಅಲ್ಲಿ ಬೇಕಾದಷ್ಟಿದೆ, ನನ್ನ ಮಗಳಿಗೆ ಕೊಟ್ಟರೆ ಯಾರ ಪಾಲೂ ಕಮ್ಮಿಯಾಗೋದಿಲ್ಲ. ಅವಳ ಲೆಕ್ಕ ತಪ್ಪೂ ಅಲ್ಲ. ಹಿಂದಿನ ಅಧ್ಯಾಯದಲ್ಲೇ ಐದು ರೊಟ್ಟಿ ಎರಡು ಮೀನಲ್ಲಿ ಐದು ಸಾವಿರ ಗಂಡಸರು, ಜೊತೆಗೆ ಹೆಂಗಸರು ಮಕ್ಕಳು ಊಟ ಮಾಡಿ, ಹನ್ನೆರಡು ಬುಟ್ಟಿ ಉಳಿದಿತ್ತು. ಅದನ್ನು ಕಣ್ಣಾರೆ ಕಂಡ ಶಿಷ್ಯರಿಗೆ ಹೊಳೆಯದೇ ಇದ್ದದ್ದು, ಅಲ್ಲಿ ಇದ್ದಳು ಅಂತ ಎಲ್ಲೂ ಹೇಳಿರದ ಇವಳಿಗೆ ಹೊಳೆದಿದೆ.

ಮಾರ್ಕನಲ್ಲಿ ಯೇಸು, ಈ ಮಾತು ಆಡಿದ್ದಕ್ಕೆ ಹೋಗು, ದೆವ್ವ ನಿನ್ನ ಮಗಳನ್ನು ಬಿಟ್ಟಿದೆ ಅನ್ನುತ್ತಾರೆ. ಅವಳ ಮಾತಿಗೆ ಸಿಕ್ಕ ಫಲ ಇದು, ಕಾಲಿಗೆ ಬಿದ್ದಿದ್ದಕ್ಕಲ್ಲ. ನಿನ್ನ ದೇವರನ್ನು ಬಿಟ್ಟು ಬಾ ಅಂತ ಅವಳನ್ನು ಯಾರೂ ಕೇಳಿಲ್ಲ, ಅದನ್ನೂ ಗಮನಿಸಬೇಕು.

ರೊಟ್ಟಿ ಮಾತಿನ ಹಿಂದೆ ಇನ್ನೊಂದು ವಿಷಯ ಇದೆ. ಟೈರ್ ದೊಡ್ಡ ಬಂದರು, ವ್ಯಾಪಾರದ ಊರು. ಆ ಕಡೆಯವರಿಗೆ ಆಹಾರ ಹೆರೋದ ರಾಜನ ಸೀಮೆಯಿಂದ ಬರುತ್ತಿತ್ತು ಅಂತ ಬೈಬಲಿನದೇ ಇನ್ನೊಂದು ಪುಸ್ತಕ ಪ್ರೇಷಿತರ ಕಾರ್ಯಕಲಾಪಗಳ 12ನೇ ಅಧ್ಯಾಯದಲ್ಲಿದೆ. ಅಂದರೆ ಗಲಿಲೇಯದ ರೈತರು ಬೆಳೆದದ್ದು ಪೇಟೆಯವರ ಮೇಜಿಗೆ ಹೋಗುತ್ತಿತ್ತು. ನಮ್ಮ ಮಕ್ಕಳ ರೊಟ್ಟಿ ಅನ್ನೋವಾಗ ಆ ಸಿಟ್ಟೂ ಸ್ವಲ್ಪ ಇತ್ತೇನೋ. ಇದು ನನ್ನ ಊಹೆ. ಆದರೆ ನಮ್ಮಲ್ಲೂ ಹಾಗೇ ಅಲ್ವಾ, ಯಾರು ಒಳಗಿನವರು ಯಾರು ಹೊರಗಿನವರು ಅನ್ನೋದು ಊಟದ ಹೊತ್ತಿಗೇ ಜಾಸ್ತಿ ಗೊತ್ತಾಗೋದು. ತೋಟದ ಕೆಲಸಕ್ಕೆ ಬಂದವರಿಗೆ ಜಗಲಿಯಲ್ಲಿ ಎಲೆ ಹಾಕಿ, ಮನೆಯವರು ಒಳಗೆ ಕೂರೋ ಪದ್ಧತಿ ಈ ಕಡೆ ಇನ್ನೂ ಪೂರ್ತಿ ಹೋಗಿಲ್ಲ.

ಬೈಬಲಿನ ಮೊದಲ ಭಾಗವಾದ ಹಳೇ ಒಡಂಬಡಿಕೆಯಲ್ಲಿ ಇದೇ ಸಿದೋನ್ ಸೀಮೆಯ ಸರೆಪ್ತದಲ್ಲಿ ಒಬ್ಬ ವಿಧವೆ ಇದ್ದಳು. ಬರಗಾಲ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯ ತಳದಲ್ಲಿ ಸ್ವಲ್ಪ ಎಣ್ಣೆ. ಪ್ರವಾದಿ ಎಲೀಯ ಬಂದು, ಮೊದಲು ನನಗೊಂದು ಚಿಕ್ಕ ರೊಟ್ಟಿ ಮಾಡಿಕೊಡು, ಆಮೇಲೆ ನಿನಗೂ ಮಗನಿಗೂ ಅಂದ. ಅವಳು ಕೊಟ್ಟಳು. ಇಸ್ರಯೇಲಿನ ಪ್ರವಾದಿ ಆ ಕಡೆಯ ಹೆಂಗಸಿನ ಮನೆಯ ರೊಟ್ಟಿ ತಿಂದು ಬದುಕಿದ್ದಾನೆ, ಅದೂ ಅವಳ ಮಗನಿಗಿಂತ ಮೊದಲು. ಯೇಸು ಈ ಕಥೆಯನ್ನು ತಾವು ಬೆಳೆದ ಊರು ನಜರೇತಿನಲ್ಲಿ ಹೇಳಿದಾಗ ಊರವರು ಅವರನ್ನು ಗುಡ್ಡದ ಅಂಚಿಂದ ತಳ್ಳೋಕೆ ಹೊರಟರು ಅಂತ ಲೂಕ ತನ್ನ ಶುಭಸಂದೇಶದಲ್ಲಿ ಬರೆದಿದ್ದಾನೆ.

ಟೈರಿಂದ ಯೇಸು ನೇರ ಊರಿಗೆ ಹೋಗೋದಿಲ್ಲ. ಮಾರ್ಕನ ಪ್ರಕಾರ ಸಿದೋನ್ ಮೇಲಿಂದ ಸುತ್ತಿಕೊಂಡು ದೆಕಪೊಲಿಗೆ ಬರುತ್ತಾರೆ, ಅದೂ ಹೆಚ್ಚಾಗಿ ಹೊರಗಿನವರೇ ಇದ್ದ ಸೀಮೆ. ಮುಂದಿನ ಅಧ್ಯಾಯದಲ್ಲಿ ನಾಲ್ಕು ಸಾವಿರ ಜನ, ಏಳು ರೊಟ್ಟಿ. ಈ ಸಲ ಯಾರೂ ಚೂರಿಗಾಗಿ ವಾದ ಮಾಡಬೇಕಾಗಿ ಬರಲಿಲ್ಲ. ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಬಡಿಸಿದರು, ಉಳಿದದ್ದು ಏಳು ಬುಟ್ಟಿ.