ಅಮ್ಮ ಜೋಡಿಸಿದ ಹೆಸರು

ಮೊನ್ನೆ ಭಾನುವಾರ ಅಮ್ಮ ಅಡುಗೆಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹಳೇ ಫ್ರೆಂಚ್ ಕಾವ್ಯವೊಂದರ ಇಂಗ್ಲಿಷ್ ಅನುವಾದ ಓದುತ್ತಿದ್ದೆ. ಹೆಸರು 'ರೊಮಾನ್ ದ ಎನೆಆಸ್'. ಸುಮಾರು 1160ರದ್ದು. ಪ್ರಾಚೀನ ರೋಮ್‌ನ ಕವಿ ವರ್ಜಿಲ್‌ನ ಲ್ಯಾಟಿನ್ ಮಹಾಕಾವ್ಯ 'ಈನಿಡ್'ನ ಕಥೆಯನ್ನು ಹತ್ತು ಸಾವಿರ ಸಾಲುಗಳಲ್ಲಿ ಮತ್ತೆ ಹೇಳಿದ ಕಾವ್ಯ. ಕವಿ ತನ್ನ ಹೆಸರು ಬಿಟ್ಟುಹೋಗಿಲ್ಲ.

"ನನಗೂ ಕೇಳೋ ಹಾಗೆ ಓದು" ಅಂದರು ಅಮ್ಮ. ಬಾಯಲ್ಲೇ ಕನ್ನಡ ಮಾಡಿಕೊಳ್ಳುತ್ತಾ ಹೇಳತೊಡಗಿದೆ.

ರಾಜಕುಮಾರಿ ಲವೀನ್ ಗೋಪುರದ ಕಿಟಕಿಯಿಂದ, ಟ್ರಾಯ್ ನಗರ ಬಿದ್ದ ಮೇಲೆ ಅಲ್ಲಿಂದ ಬಂದ ವೀರ ಎನೆಆಸ್‌ನನ್ನು ನೋಡುತ್ತಾಳೆ. ಮನಸ್ಸು ಅಲ್ಲೇ ಹೋಯಿತು. ಅವಳ ತಾಯಿ ರಾಣಿಗೋ, ಎನೆಆಸ್ ಜೊತೆ ಯುದ್ಧಕ್ಕೆ ನಿಂತ ಟರ್ನಸ್ಸೇ ಅಳಿಯನಾಗಬೇಕು. ಮಗಳ ಮುಖ ಕಂಡು ಅನುಮಾನ ಬಂದು, ಯಾರವನು ಅಂತ ಕೇಳುತ್ತಾಳೆ. "ಅವನ ಹೆಸರು ಎ..." ಒಂದು ನಿಟ್ಟುಸಿರು. "ನೆ..." ಸ್ವಲ್ಪ ಹೊತ್ತು ಬಿಟ್ಟು, ನಡುಗುತ್ತಾ, ಮೆಲ್ಲಗೆ, "ಆಸ್".

ಕಾವ್ಯದಲ್ಲಿ ರಾಣಿ ಯೋಚಿಸಿ ಅಕ್ಷರ ಜೋಡಿಸುತ್ತಾಳೆ. ಅಮ್ಮ ಅದಕ್ಕೂ ಮೊದಲೇ ಜೋಡಿಸಿಬಿಟ್ಟಿದ್ದರು. "ಅದೇ ಹುಡುಗ ಅಲ್ವಾ?" ಸೊಪ್ಪು ಹಿಡಿದ ಕೈ ನಿಂತಿತ್ತು. "ಮದುವೆಯಲ್ಲಿ ನಿಮ್ಮಪ್ಪನ ಹೆಸರು ಹೇಳು ಅಂದಾಗ ನನಗೂ ಹೀಗೇ ಆಗಿತ್ತು."

ವರ್ಜಿಲ್‌ನಲ್ಲಿ ಈ ಹುಡುಗಿ ಒಂದು ಮಾತೂ ಆಡುವುದಿಲ್ಲ. ಒಮ್ಮೆ ಕೆನ್ನೆ ಕೆಂಪಾಗುತ್ತದೆ, ಅಷ್ಟೆ. ಫ್ರೆಂಚ್ ಕವಿ ಅವಳ ಪ್ರೀತಿಗೆ ಸಾವಿರಕ್ಕೂ ಜಾಸ್ತಿ ಸಾಲು ಕೊಟ್ಟ. ಟರ್ನಸ್ ಸಾಯುವಲ್ಲಿಗೆ ವರ್ಜಿಲ್ ನಿಲ್ಲಿಸಿದ, ಇವನು ಮದುವೆಯವರೆಗೂ ಕರೆದೊಯ್ದ. ಶುರುವಿನಲ್ಲೂ ಅಷ್ಟೇ. ವರ್ಜಿಲ್ ಕಥೆಯ ನಡುವಿಗೆ ಜಿಗಿಯುತ್ತಾನೆ, ಇವನು ಟ್ರಾಯ್ ಬಿದ್ದಲ್ಲಿಂದ ನೇರ ಹೇಳಿಕೊಂಡು ಬರುತ್ತಾನೆ.

ನನ್ನನ್ನು ಜಾಸ್ತಿ ಹಿಡಿದದ್ದು ಬಾಣ. ಲವೀನ್ ಕಿಟಕಿಗೆ ಬರುವ ಮೊದಲು ವೀರವನಿತೆ ಕಮೀಲ್‌ಳ ಸಮಾಧಿಯ ವರ್ಣನೆಯಿದೆ. ಅಲ್ಲೊಂದು ಆರದ ದೀಪ. ಅದರ ಸರಪಳಿ ಪಾರಿವಾಳದ ಕೊಕ್ಕಿನಲ್ಲಿ. ಎದುರಿಗೆ ಬಿಲ್ಲೆಳೆದು ನಿಂತ ಬಿಲ್ಲುಗಾರನ ವಿಗ್ರಹ. ಯಾರಾದರೂ ಉಸಿರು ಊದಿದರೆ ಸಾಕು, ಬಾಣ ಹಾರಿ ಪಾರಿವಾಳಕ್ಕೆ ಬಡಿಯುತ್ತದೆ, ದೀಪ ಆರುತ್ತದೆ. ಸತ್ತವಳ ಮನೆಯಲ್ಲಿ ಆ ಬಾಣ ಸುಮ್ನೆ ಕಾಯುತ್ತಿದೆ. ಆಮೇಲೆ ಪ್ರೇಮದೇವತೆಯ ಬಾಣ ಲವೀನ್‌ಗೆ ನಾಟುತ್ತದೆ. ಆಮೇಲೆ ಅವಳೇ ಲ್ಯಾಟಿನ್‌ನಲ್ಲಿ ಪತ್ರ ಬರೆದು, ಬಾಣಕ್ಕೆ ಸುತ್ತಿ, ಬಿಲ್ಲುಗಾರನ ಕೈಲಿ ಎನೆಆಸ್ ಇರುವ ಕಡೆಗೆ ಬಿಡಿಸುತ್ತಾಳೆ.

"ಕದನ ನಿಲ್ಲಿಸಿದ್ದ ಹೊತ್ತಲ್ಲಿ ಬಾಣ ಬಂತಲ್ಲಾ ಅಂತ ಎನೆಆಸ್ ಕಡೆಯವರಿಗೆಲ್ಲ ಸಿಟ್ಟು" ಅಂದೆ. "ಎತ್ತಿ ನೋಡಿದರೆ ಪತ್ರ."

ಅಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದರು. "ಓದಿದನಾ?"