ಹೌದು ಎಂದರೆ ಮಾತ್ರ ಅಳಿಸಿ

"ಮೇಡಂ, ನೋ ಒತ್ತಿದ್ರೂ ಡಿಲೀಟ್ ಆಗೋಗ್ತಿದೆ. ಈ ಸಿಸ್ಟಮ್ಮೇ ಸರಿಯಿಲ್ಲ ಅನ್ಸುತ್ತೆ."

ಬಿಸಿಎ ಲ್ಯಾಬಿನಲ್ಲಿ ಈ ಮಾತು ನನಗೆ ಹೊಸದಲ್ಲ. ವರ್ಷಕ್ಕೆ ಒಬ್ಬರಾದರೂ ಹೇಳುತ್ತಾರೆ. ಈ ಸಲ ಹೇಳಿದವಳು ಹಾಲಿನ ಡೈರಿ ಲೆಕ್ಕದ ಪ್ರಾಜೆಕ್ಟ್ ಕೈಗೆತ್ತಿಕೊಂಡಿರುವ ಹುಡುಗಿ. ಅವಳ ಅಪ್ಪ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಸದಸ್ಯರು ತಂದು ಹಾಕುವ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ದರ ಎಷ್ಟು ಎಂಬುದನ್ನೆಲ್ಲ ಒಂದೇ ವಿಂಡೋದಲ್ಲಿ ತುಂಬಬೇಕು, ತಪ್ಪಾಗಿದ್ದರೆ ಅಳಿಸಬೇಕು. ವಿಷುವಲ್ ಬೇಸಿಕ್ ಡಾಟ್ ನೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದಾಳೆ. ಮುಗಿದ ಮೇಲೆ ಅಪ್ಪನ ಕೈಗೆ ಕೊಡುವ ಆಸೆ ಇದೆ. ಹಾಗಾಗಿ ಈ ಪ್ರೋಗ್ರಾಂ ಪರೀಕ್ಷೆ ಮುಗಿದ ಕೂಡಲೇ ಮೂಲೆ ಸೇರುವಂಥದ್ದಲ್ಲ. ಇದರಲ್ಲಿ ಒಂದು ಸಾಲು ತಪ್ಪಿ ಅಳಿದರೆ ಯಾರದೋ ಮನೆಯ ಹಾಲಿನ ದುಡ್ಡು ಹೋಗುತ್ತದೆ.

ಅವಳ ಕೋಡ್ ಓದಲು ತುಂಬ ಚೆನ್ನಾಗಿತ್ತು. ಇಫ್ (ಹೀಗಾದರೆ), ಅದರ ಮುಂದೆ ಪರದೆಯ ಮೇಲೆ ಪ್ರಶ್ನೆಯ ಬಾಕ್ಸ್ ತೋರಿಸುವ ಎಂಎಸ್‌ಜಿಬಾಕ್ಸ್, ಅದರೊಳಗೆ ಪ್ರಶ್ನೆ ಮತ್ತು ಯೆಸ್, ನೋ ಬಟನ್ ತರಿಸುವ ವಿಬಿಯೆಸ್‌ನೋ, ಕೊನೆಗೆ ದೆನ್. ಕೆಳಗಿನ ಸಾಲಿನಲ್ಲಿ ಅಳಿಸುವ ಆಜ್ಞೆ. ಬಾಕ್ಸ್ ಬಂದು, ಬಳಕೆದಾರ ಒಪ್ಪಿದರೆ ಅಳಿಸು ಎಂದೇ ಯಾರಾದರೂ ಓದಿಕೊಳ್ಳುತ್ತಾರೆ. ಆದರೆ ಎಂಎಸ್‌ಜಿಬಾಕ್ಸ್ ವಾಪಸ್ ಕೊಡುವುದು ನಿಜ ಅಥವಾ ಸುಳ್ಳನ್ನಲ್ಲ, ಒಂದು ಸಂಖ್ಯೆಯನ್ನು. ಯೆಸ್ ಒತ್ತಿದರೆ 6, ನೋ ಒತ್ತಿದರೆ 7. ಇಫ್‌ಗೆ ಸಂಖ್ಯೆ ಕೊಟ್ಟಾಗ ಅದು 0 ಹೌದೋ ಅಲ್ಲವೋ ಎಂದಷ್ಟೇ ನೋಡುತ್ತದೆ. 6 ಕೂಡ ಸೊನ್ನೆಯಲ್ಲ, 7 ಕೂಡ ಸೊನ್ನೆಯಲ್ಲ. ಹೀಗಾಗಿ ಯಾವ ಬಟನ್ ಒತ್ತಿದರೂ ನಮೂದು ಅಳಿಸಿಹೋಗುತ್ತದೆ. ಸಿಸ್ಟಮ್ ಸರಿಯಾಗಿಯೇ ಇದೆ. ಪ್ರೋಗ್ರಾಂ ಪ್ರಶ್ನೆ ಕೇಳಿತು, ಉತ್ತರ ಕೇಳಿಸಿಕೊಳ್ಳಲಿಲ್ಲ.

ಈ ಸಂಖ್ಯೆಗಳು ವಿಂಡೋಸ್‌ನಿಂದಲೇ ಬಂದವು. ಓಕೆ 1, ಕ್ಯಾನ್ಸಲ್ 2, ಅಬಾರ್ಟ್ 3, ರಿಟ್ರೈ 4, ಇಗ್ನೋರ್ 5, ಯೆಸ್ 6, ನೋ 7. ಇನ್ನೊಂದು ಪಟ್ಟಿ ಬಟನ್‌ಗಳ ಜೋಡಿಗಳದ್ದು. ಅದರಲ್ಲಿ ವಿಬಿಯೆಸ್‌ನೋ ಎಂದರೆ 4. ಎರಡೂ ಪಟ್ಟಿಯ ಹೆಸರುಗಳು ಒಂದೇ ಥರ ಇರುವುದರಿಂದ ಕೆಲವರು ಉತ್ತರವನ್ನು ವಿಬಿಯೆಸ್ (ಅಂದರೆ 6) ಜತೆ ಹೋಲಿಸುವ ಬದಲು ವಿಬಿಯೆಸ್‌ನೋ ಜತೆ ಹೋಲಿಸುತ್ತಾರೆ. ಆಗ 6 ಅಥವಾ 7 ಯಾವತ್ತೂ 4 ಆಗದು, ಏನು ಒತ್ತಿದರೂ ಏನೂ ಅಳಿಯದು. ಈ ತಪ್ಪಿಗೆ ನಾನು ಹೆದರುವುದಿಲ್ಲ, ಮೊದಲ ಸಲ ಓಡಿಸಿದಾಗಲೇ ಸಿಕ್ಕಿಬೀಳುತ್ತದೆ. ಹೆದರಿಕೆ ಇರುವುದು ಮೊದಲಿನದ್ದಕ್ಕೆ. ಕೋಡ್ ಬರೆದವರು ಪರೀಕ್ಷಿಸುವಾಗ ಯೆಸ್ ಮಾತ್ರ ಒತ್ತುತ್ತಾರೆ, ಅಳಿಯುತ್ತದೆ, ಖುಷಿಯಾಗಿ ಮುಂದಕ್ಕೆ ಹೋಗುತ್ತಾರೆ. ನೋ ಒತ್ತಿ ನೋಡುವ ಮೊದಲಿಗ ಆ ಪ್ರೋಗ್ರಾಂ ಬಳಸುವ ಕಾರ್ಯದರ್ಶಿಯೇ ಆಗಿಬಿಡುತ್ತಾನೆ.

ಇದನ್ನು ತಡೆಯಲು ಒಂದು ಸುಲಭದ ದಾರಿ ಇದೆ. ಫೈಲಿನ ತಲೆಯಲ್ಲಿ ಆಪ್ಷನ್ ಸ್ಟ್ರಿಕ್ಟ್ ಆನ್ ಎಂದು ಬರೆದರೆ, ಎಂಎಸ್‌ಜಿಬಾಕ್ಸ್‌ನ ಉತ್ತರವನ್ನು ಬೂಲಿಯನ್ (ನಿಜ ಅಥವಾ ಸುಳ್ಳು) ಎಂದು ನುಂಗಿಕೊಳ್ಳಲು, ಕೋಡನ್ನು ಓಡುವ ರೂಪಕ್ಕೆ ತರುವ ಕಂಪೈಲರ್ ಒಪ್ಪುವುದೇ ಇಲ್ಲ, ಅಲ್ಲೇ ತಡೆಯುತ್ತದೆ. ಹೊಸ ಪ್ರಾಜೆಕ್ಟ್ ತೆರೆದಾಗ ಇದು ಆಫ್ ಆಗಿರುತ್ತದೆ. ಕಲಿಯುವವರಿಗೆ ಇದು ಆನ್ ಆಗಿಯೇ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಸಿ ಶಾರ್ಪ್‌ನಲ್ಲಿ ಬರೆಯುವವರಿಗೆ ಈ ತೊಂದರೆಯೇ ಇಲ್ಲ, ಅಲ್ಲಿನ ಇಫ್ ಬೂಲಿಯನ್ ಬಿಟ್ಟು ಬೇರೇನನ್ನೂ ಒಳಗೆ ಬಿಟ್ಟುಕೊಳ್ಳದು.

ಇನ್ನೊಂದು ಚಾಳಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯೆಸ್ ಆದರೆ ಹೀಗೆ ಎಂದು ಒಂದು ಇಫ್‌ನಲ್ಲಿ ಎಂಎಸ್‌ಜಿಬಾಕ್ಸ್ ಕರೆಯುತ್ತಾರೆ, ನೋ ಆದರೆ ಹಾಗೆ ಎಂದು ಎಲ್ಸ್‌ಇಫ್‌ನಲ್ಲಿ ಮತ್ತೆ ಕರೆಯುತ್ತಾರೆ. ನೋ ಎಂದವರಿಗೆ ಅದೇ ಪ್ರಶ್ನೆ ಮತ್ತೊಮ್ಮೆ ಎದುರಾಗುತ್ತದೆ. ಕರೆಯುವುದು ಒಂದೇ ಸಲ. ಉತ್ತರವನ್ನು ಒಂದು ವೇರಿಯೇಬಲ್‌ಗೆ ತುಂಬಿಕೊಳ್ಳಿ, ಆಮೇಲೆ ಎಷ್ಟು ಸಲ ಬೇಕಾದರೂ ನೋಡಿಕೊಳ್ಳಿ.

ಪೈಥಾನ್ ಕಲಿಯುತ್ತಿರುವವರು ಇದೆಲ್ಲ ನಮಗಲ್ಲ ಎಂದುಕೊಳ್ಳಬೇಡಿ. ವಿಂಡೋ, ಬಟನ್ ಮಾಡಲು ಪೈಥಾನ್ ಜತೆ ಬರುವ ಟಿಕಿಂಟರ್‌ನ ಮೆಸೇಜ್‌ಬಾಕ್ಸ್‌ನಲ್ಲಿ ಆಸ್ಕ್‌ಯೆಸ್‌ನೋ ಎಂಬ ಫಂಕ್ಷನ್ ಟ್ರೂ ಅಥವಾ ಫಾಲ್ಸ್ ಕೊಡುತ್ತದೆ, ಅದು ನೆಮ್ಮದಿ. ಅದರ ಪಕ್ಕದಲ್ಲೇ ಇರುವ ಆಸ್ಕ್‌ಕ್ವೆಶ್ಚನ್ ನೋಡಲು ಥೇಟ್ ಅದೇ ಬಾಕ್ಸ್ ತೋರಿಸಿ, ವಾಪಸ್ ಕೊಡುವುದು ಮಾತ್ರ 'ಯೆಸ್' ಅಥವಾ 'ನೋ' ಎಂಬ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಖಾಲಿಯಲ್ಲದ ಸ್ಟ್ರಿಂಗ್ ಯಾವುದಾದರೂ ಪೈಥಾನ್‌ಗೆ ಸತ್ಯವೇ. ಅಲ್ಲಿಗೆ ನಮ್ಮ ಹುಡುಗಿಯ ಡೈರಿ ಕಥೆಯೇ ಇಲ್ಲೂ ನಡೆಯುತ್ತದೆ. ಮೂರು ಬಟನ್‌ನ ಆಸ್ಕ್‌ಯೆಸ್‌ನೋಕ್ಯಾನ್ಸಲ್ ಇನ್ನೂ ಸೂಕ್ಷ್ಮ. ಕ್ಯಾನ್ಸಲ್‌ಗೆ ಅದು ನನ್ (None, ಅಂದರೆ ಏನೂ ಇಲ್ಲ) ಕೊಡುತ್ತದೆ. 'ಬದಲಾವಣೆ ಉಳಿಸಬೇಕೆ?' ಎಂದು ಕೇಳಿ, ಇಫ್ ನಾಟ್ ಎಂದು ಬರೆದುಬಿಟ್ಟರೆ ಫಾಲ್ಸ್ ಮತ್ತು ನನ್ ಎರಡೂ ಒಂದೇ ಬಾಗಿಲಲ್ಲಿ ಹೊರಗೆ ಹೋಗುತ್ತವೆ. ನಿಲ್ಲಿ, ನಾನಿನ್ನೂ ಮುಚ್ಚುವುದಿಲ್ಲ ಎಂದವನ ಕೆಲಸ ಉಳಿಯದೆಯೇ ವಿಂಡೋ ಮುಚ್ಚಿಕೊಳ್ಳುತ್ತದೆ. ನನ್ ಅನ್ನು ಮೊದಲೇ ಬೇರೆಯಾಗಿ ನೋಡಿಕೊಂಡು ಫಂಕ್ಷನ್‌ನಿಂದ ಹೊರಬಂದುಬಿಡಿ.

ಜಾವಾ ಭಾಷೆಯಲ್ಲಿ ವಿಂಡೋ ಮಾಡುವ ಸ್ವಿಂಗ್‌ನದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವ ಉದಾಹರಣೆ. ಜೆಆಪ್ಷನ್‌ಪೇನ್‌ನ ಶೋಕನ್‌ಫರ್ಮ್‌ಡೈಲಾಗ್ ಎಂಬ ಪ್ರಶ್ನೆಯ ಬಾಕ್ಸ್‌ನಲ್ಲಿ ಯೆಸ್ ಎಂದರೆ 0, ನೋ ಎಂದರೆ 1. ಮೂಲೆಯ ಎಕ್ಸ್ ಒತ್ತಿ ಬಾಕ್ಸನ್ನೇ ಮುಚ್ಚಿದರೆ -1 ಬರುತ್ತದೆ. ಈಗ ಒಬ್ಬ ವಿದ್ಯಾರ್ಥಿ 'ಉತ್ತರ ನೋ ಆಗಿದ್ದರೆ ಹಿಂದಿರುಗು' ಎಂದು ಬರೆದು, ಅದರ ಕೆಳಗೆ ಅಳಿಸುವ ಸಾಲು ಇಟ್ಟನೆನ್ನಿ. ಯೆಸ್ ಒತ್ತಿದರೆ ಸರಿ, ನೋ ಒತ್ತಿದರೂ ಸರಿ. ಪ್ರಶ್ನೆ ಅರ್ಥವಾಗದೆ, ಯಾಕೋ ಭಯವಾಗಿ, ಎಕ್ಸ್ ಒತ್ತಿ ತಪ್ಪಿಸಿಕೊಳ್ಳಲು ಹೋದವರ ಗತಿ? -1 ಎಂಬುದು 1 ಅಲ್ಲ. ದಾಖಲೆ ಹೋಯಿತು. ಅತ್ಯಂತ ಎಚ್ಚರಿಕೆಯಿಂದ ನಡೆದುಕೊಂಡ ಮನುಷ್ಯನಿಗೇ ಪೆಟ್ಟು ಬಿತ್ತು.

ಅದಕ್ಕೇ ನನ್ನ ತರಗತಿಯಲ್ಲಿ ಭಾಷೆ ಯಾವುದಾದರೂ ನಿಯಮ ಒಂದೇ. ನಷ್ಟ ಮಾಡುವ ಕೆಲಸಕ್ಕೆ ಹೌದು ಬಂತೇ ಎಂದು ನೋಡಬೇಕು, ಇಲ್ಲ ಬಂತೇ ಎಂದು ನೋಡಬಾರದು. ಸ್ಪಷ್ಟವಾದ ಹೌದು ಬಿಟ್ಟು ಇನ್ನು ಏನೇ ಬರಲಿ, ನೋ ಬರಲಿ, ಎಕ್ಸ್ ಬರಲಿ, ಎಸ್ಕೇಪ್ ಬರಲಿ, ನಾವು ಊಹಿಸದೇ ಇದ್ದ ಇನ್ಯಾವುದೋ ಸಂಖ್ಯೆ ಬರಲಿ, ಎಲ್ಲದಕ್ಕೂ ಒಂದೇ ಅರ್ಥ: ಮುಟ್ಟಬೇಡ. ವಿಂಡೋಸ್‌ನ ಯೆಸ್ ನೋ ಬಾಕ್ಸ್‌ನಲ್ಲಿ ಎಕ್ಸ್ ಮಂಕಾಗಿರುತ್ತದೆ, ಎಸ್ಕೇಪ್ ಕೂಡ ಕೆಲಸ ಮಾಡದು, ಎರಡರಲ್ಲಿ ಒಂದನ್ನು ಒತ್ತಲೇಬೇಕು. ಅದನ್ನೇ ರೂಢಿ ಮಾಡಿಕೊಂಡು ಜಾವಾಕ್ಕೆ ಹೋದ ಮಕ್ಕಳು ಎಕ್ಸ್ ಒಂದು ಉತ್ತರವಾಗಬಹುದು ಎಂಬುದನ್ನೇ ಮರೆಯುತ್ತಾರೆ.

ಎಂಟರ್ ಕೀ ಬಗ್ಗೆಯೂ ಯೋಚಿಸಬೇಕು. ಬೆಳಗ್ಗೆ ಡೈರಿಯಲ್ಲಿ ಕ್ಯಾನು, ಚೊಂಬು ಹಿಡಿದವರ ಸಾಲು ಬಾಗಿಲಾಚೆಗೂ ನಿಂತಿರುತ್ತದೆ. ಡೇಟಾ ತುಂಬುವವರ ಬಲಗೈ ನಂಬರ್ ಪ್ಯಾಡ್ ಮೇಲೆ, ಹೆಬ್ಬೆರಳು ಸೊನ್ನೆಯ ಮೇಲೆ, ಕಿರುಬೆರಳು ಎಂಟರ್ ಮೇಲೆ. ಅವರು ಪರದೆ ನೋಡುವುದಕ್ಕಿಂತ ಹೆಚ್ಚು ಹಾಲು ಅಳೆಯುವವರ ಬಾಯಿ ನೋಡುತ್ತಿರುತ್ತಾರೆ. ಆಗ ಒಂದು ಬಾಕ್ಸ್ ಬಂದರೆ, ಅದರಲ್ಲಿ ಆಯ್ಕೆಯಾಗಿಯೇ ಇರುವುದು ಯೆಸ್ ಆಗಿದ್ದರೆ, ಮುಂದಿನ ಎಂಟರ್ ಅದರ ಮೇಲೇ ಬೀಳುತ್ತದೆ. ನೀವೇನೂ ಹೇಳದಿದ್ದರೆ ಮೊದಲ ಬಟನ್, ಅಂದರೆ ಯೆಸ್, ಆಯ್ಕೆಯಾಗಿರುತ್ತದೆ. ವಿಬಿಡಿಫಾಲ್ಟ್‌ಬಟನ್2 ಸೇರಿಸಿದರೆ ಅದು ನೋ ಮೇಲೆ ಹೋಗಿ ಕೂರುತ್ತದೆ. ಹಳೆಯ ಕೋಡ್‌ನಲ್ಲಿ 308 ಎಂಬ ಒಂಟಿ ಸಂಖ್ಯೆ ಕಂಡರೆ ಗಾಬರಿಯಾಗಬೇಡಿ. ಯೆಸ್ ನೋ ಬಟನ್‌ಗೆ 4, ಎಚ್ಚರಿಕೆಯ ಚಿತ್ರಕ್ಕೆ 48, ಎರಡನೇ ಬಟನ್ ಆಯ್ಕೆಗೆ 256, ಒಟ್ಟು ಅಷ್ಟಾಗುತ್ತದೆ. ನೀವು ಮಾತ್ರ ಹೆಸರುಗಳನ್ನೇ ಬರೆಯಿರಿ, ಆರು ತಿಂಗಳ ಮೇಲೆ ಓದುವವರಿಗೆ ಅದು ಉಪಕಾರ. ಟಿಕಿಂಟರ್‌ನಲ್ಲಿ ಇದೇ ಕೆಲಸಕ್ಕೆ ಡಿಫಾಲ್ಟ್ ಎಂಬ ಆರ್ಗ್ಯುಮೆಂಟ್ ಇದೆ.

ಇನ್ನು ಪ್ರಶ್ನೆಯ ಮಾತು. 'ಆರ್ ಯು ಶ್ಯೂರ್?' ಎಂಬ ಒಂದೇ ವಾಕ್ಯ ಯಾರಿಗೂ ಸಹಾಯ ಮಾಡದು. ಯಾವುದರ ಬಗ್ಗೆ ಖಾತ್ರಿ? ಈ ಹುಡುಗಿಯಿಂದ ನಾನು ಬರೆಸಿದ್ದು ಹೀಗೆ: "ಸದಸ್ಯ ಸಂಖ್ಯೆ 47, ಬೆಳಗಿನ ಹಾಲು, 6.5 ಲೀಟರ್, ಫ್ಯಾಟ್ 4.1. ಈ ನಮೂದನ್ನು ಅಳಿಸಬೇಕೆ?" ನಲವತ್ತೆಂಟರ ಬದಲು ನಲವತ್ತೇಳರ ಸಾಲು ಆಯ್ಕೆಯಾಗಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಬಾಕ್ಸ್ ಇರುವುದೇ ಆ ಒಂದು ಕ್ಷಣಕ್ಕಾಗಿ.

ಅವಳ ಅಪ್ಪ ಓದುವುದು ಕನ್ನಡವಾದ್ದರಿಂದ ಪ್ರಶ್ನೆ ಕನ್ನಡದಲ್ಲೇ ಇರಬೇಕು ಎಂದು ನಾನು ಪಟ್ಟು ಹಿಡಿದೆ. ಡಾಟ್ ನೆಟ್ ಮತ್ತು ಪೈಥಾನ್ 3 ಯುನಿಕೋಡ್ ಬಲ್ಲವಾದ್ದರಿಂದ ಇದಕ್ಕೆ ಏನೂ ಕಷ್ಟವಿಲ್ಲ. 1998ರ ವಿಷುವಲ್ ಬೇಸಿಕ್ 6ರಲ್ಲಿ ಬರೆದ ಹಳೆಯ ಪ್ರೋಗ್ರಾಂ ಇನ್ನೂ ಉಳಿಸಿಕೊಂಡಿರುವವರಿಗೆ ಮಾತ್ರ ಇದು ತಲೆನೋವು. ಅಲ್ಲಿ ಎಂಎಸ್‌ಜಿಬಾಕ್ಸ್ ಪಠ್ಯವನ್ನು ಸಿಸ್ಟಮ್‌ನ ಹಳೆಯ ಕೋಡ್ ಪೇಜ್‌ಗೆ (ಅಕ್ಷರಗಳ ಪಟ್ಟಿಗೆ) ಇಳಿಸಿ ತೋರಿಸುತ್ತದೆ, ಕನ್ನಡಕ್ಕೆ ಅಂಥ ಕೋಡ್ ಪೇಜೇ ಇಲ್ಲ, ಅಕ್ಷರಗಳ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ನಿಲ್ಲುತ್ತವೆ. ಆ ಕಾಲದಲ್ಲಿ ಲೇಬಲ್‌ಗಳಿಗೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಫಾಂಟ್ ಹಾಕಿ ದಾಟುತ್ತಿದ್ದೆವು. ಮೆಸೇಜ್ ಬಾಕ್ಸ್‌ನ ಫಾಂಟ್ ನಮ್ಮ ಕೈಯಲ್ಲಿಲ್ಲದ ಕಾರಣ ನುಡಿಯಲ್ಲಿ ಟೈಪಿಸಿದ್ದು ಅಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತಿತ್ತು. ಆ ಪ್ರೋಗ್ರಾಂಗಳಲ್ಲಿ ವಿಂಡೋಸ್‌ನ ಮೆಸೇಜ್‌ಬಾಕ್ಸ್‌ಡಬ್ಲ್ಯೂ ಎಂಬ, ಯುನಿಕೋಡ್ ಬಲ್ಲ ಫಂಕ್ಷನ್ನನ್ನು ನೇರವಾಗಿ ಕರೆಯಬೇಕು.

ಪ್ರಶ್ನೆ ಕನ್ನಡವಾದರೂ ಕೆಳಗಿನ ಬಟನ್‌ಗಳು ವಿಂಡೋಸ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಬರುತ್ತವೆ. ಅದು ಬೇಡವೆಂದರೆ ಸ್ವಂತ ಪುಟ್ಟ ಫಾರ್ಮ್ ಮಾಡಿಕೊಳ್ಳಿ, ಅರ್ಧ ಗಂಟೆಯ ಕೆಲಸ. ಎರಡು ಬಟನ್: ಒಂದರ ಮೇಲೆ 'ನಮೂದು ಅಳಿಸು', ಇನ್ನೊಂದರ ಮೇಲೆ 'ಹಾಗೇ ಇರಲಿ'. ಪ್ರಶ್ನೆಯನ್ನು ಓದದೇ ಬಟನ್ ಮಾತ್ರ ಓದಿದವರಿಗೂ ಏನಾಗುತ್ತದೆಂದು ತಿಳಿಯಬೇಕು. ಮೊದಲಿನದರ ಡೈಲಾಗ್‌ರಿಸಲ್ಟ್ (ವಾಪಸ್ ಬರುವ ಉತ್ತರ) ಯೆಸ್ ಎಂದು, ಎರಡನೆಯದರದ್ದು ನೋ ಎಂದು ಪ್ರಾಪರ್ಟಿಯಲ್ಲಿ ಇಡಿ. ಫಾರ್ಮ್‌ನ ಕ್ಯಾನ್ಸಲ್‌ಬಟನ್ ಆಗಿ ಎರಡನೆಯದನ್ನೇ ಕೊಡಿ, ಆಗ ಎಸ್ಕೇಪ್ ಒತ್ತಿದರೆ ಅದೇ ಒತ್ತಿದಂತಾಗುತ್ತದೆ. ಶೋಡೈಲಾಗ್‌ನಿಂದ ತೆರೆದ ಫಾರ್ಮನ್ನು ಎಕ್ಸ್ ಒತ್ತಿ ಮುಚ್ಚಿದರೆ ಬರುವುದು ಕ್ಯಾನ್ಸಲ್. ಹೌದನ್ನು ಮಾತ್ರ ನೋಡುವ ಕೋಡ್ ಇದ್ದರೆ ಇದ್ಯಾವುದಕ್ಕೂ ಬೇರೆ ಸಾಲು ಬರೆಯಬೇಕಿಲ್ಲ.

ಮುಚ್ಚುವಾಗ ಕೇಳುವ ಪ್ರಶ್ನೆಗೆ ಬೇರೆಯೇ ಜಾಗ ಇದೆ. ಎಕ್ಸಿಟ್ ಬಟನ್‌ನೊಳಗೆ ಮಾತ್ರ ಕೇಳಿದರೆ ವಿಂಡೋದ ಎಕ್ಸ್ ಒತ್ತಿದವರಿಗೆ ಪ್ರಶ್ನೆಯೇ ಬರದು. ಡಾಟ್ ನೆಟ್‌ನಲ್ಲಿ ಫಾರ್ಮ್‌ಕ್ಲೋಸಿಂಗ್ ಇವೆಂಟ್‌ನಲ್ಲಿ, ಹಳೆಯ ವಿಷುವಲ್ ಬೇಸಿಕ್ 6ರಲ್ಲಿ ಕ್ವೆರಿಅನ್‌ಲೋಡ್‌ನಲ್ಲಿ ಕೇಳಿ, ಬೇಡ ಎಂದರೆ ಕ್ಯಾನ್ಸಲ್ ಅನ್ನು ಟ್ರೂ ಮಾಡಿ. ಇದರಲ್ಲಿ ನಮ್ಮೂರುಗಳಿಗೆ ಮುಖ್ಯವಾದ ಒಂದು ವಿಷಯವಿದೆ. ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿರುವಾಗ ಯಾರೋ ಶಟ್‌ಡೌನ್ ಕೊಟ್ಟು ಬಾಗಿಲು ಹಾಕಲು ಎದ್ದು ಹೋಗುತ್ತಾರೆ. ನಿಮ್ಮ ಪ್ರೋಗ್ರಾಂ 'ನಿಜವಾಗಿ ಮುಚ್ಚಬೇಕೆ?' ಎಂದು ಕೇಳುತ್ತ ನಿಂತರೆ ಶಟ್‌ಡೌನೇ ತಡೆಯುತ್ತದೆ, ಬ್ಯಾಟರಿ ಬರಿದಾಗುತ್ತದೆ. ಮುಚ್ಚುತ್ತಿರುವ ಕಾರಣ ಹೇಳುವ ಕ್ಲೋಸ್‌ರೀಸನ್ ಎಂಬುದನ್ನು ನೋಡಿ. ಅದು ವಿಂಡೋಸ್‌ಶಟ್‌ಡೌನ್ ಆಗಿದ್ದರೆ ಏನನ್ನೂ ಕೇಳಬೇಡಿ, ತುಂಬಿದ್ದಷ್ಟನ್ನು ಕರಡಾಗಿ ಉಳಿಸಿ ಮುಚ್ಚಿಕೊಳ್ಳಿ.

ಕೊನೆಯದಾಗಿ, ಎಲ್ಲೆಲ್ಲಿ ಕೇಳಬೇಕು ಎಂಬುದು. ಅವಳ ಮೊದಲ ಕರಡಿನಲ್ಲಿ ಉಳಿಸುವಾಗ ಒಂದು ಪ್ರಶ್ನೆ, ಪ್ರಿಂಟ್‌ಗೆ ಒಂದು, ಫಾರ್ಮ್ ಖಾಲಿ ಮಾಡಲು ಒಂದು. 150 ಸದಸ್ಯರಿರುವ ಸಂಘದಲ್ಲಿ ಪ್ರತಿ ನಮೂದಿಗೆ 'ಉಳಿಸಬೇಕೆ?' ಎಂದು ಕೇಳಿದರೆ ಬೆರಳು ಓದದೇ ಒತ್ತಲು ಕಲಿತುಬಿಡುತ್ತದೆ. ಆಮೇಲೆ ಬರುವ ಅಳಿಸುವ ಪ್ರಶ್ನೆಗೂ ಅದೇ ಬೆರಳು ಉತ್ತರ ಕೊಡುತ್ತದೆ. ಅಳಿಸುವುದೊಂದನ್ನು ಬಿಟ್ಟು ಉಳಿದ ಪ್ರಶ್ನೆಗಳನ್ನೆಲ್ಲ ತೆಗೆಸಿದೆ. ಅಳಿಸುವುದನ್ನೂ ನಿಜವಾಗಿ ಅಳಿಸುವುದು ಬೇಡ ಎಂದೆ. ಟೇಬಲ್‌ನಲ್ಲಿ 'ರದ್ದು' ಎಂಬ ಒಂದು ಕಾಲಂ, ಯಾವಾಗ, ಯಾರು ಎಂಬ ಇನ್ನೆರಡು. ಬಟವಾಡೆ ಆಗುವ ತನಕ ರದ್ದಾದ ಸಾಲನ್ನು ವಾಪಸ್ ತರುವ ಬಟನ್ ಒಂದು. ಆಡಿಟ್‌ಗೆ ಬಂದವರು ಕೇಳಿದರೆ ತೋರಿಸಲೂ ಅದು ಇರುತ್ತದೆ.

ಮುಂದಿನ ಲ್ಯಾಬ್‌ನಿಂದ ನಾನು ಪ್ರೋಗ್ರಾಂ ನೋಡುವ ಕ್ರಮ ಇದು: ಮೊದಲು ನೋ ಒತ್ತುತ್ತೇನೆ, ಆಮೇಲೆ ಎಸ್ಕೇಪ್, ಆಮೇಲೆ ಎಕ್ಸ್, ಆಮೇಲೆ ಪರದೆ ನೋಡದೆ ಎಂಟರ್. ಈ ನಾಲ್ಕರಲ್ಲೂ ನಮೂದು ಉಳಿದಿದ್ದರೆ ಯೆಸ್ ಒತ್ತುತ್ತೇನೆ. ಜರ್ನಲ್‌ನಲ್ಲಿ ಔಟ್‌ಪುಟ್ ಬರೆಯುವವರು ಈ ಐದನ್ನೂ ಇದೇ ಕ್ರಮದಲ್ಲಿ ಬರೆದುಕೊಂಡು ಬನ್ನಿ.