ಎಲ್ಲಿ ಹಾಯಿ ಬಿಚ್ಚಲಿ ಎಂದು ಕೇಳುವವರಿಗೆ

ಹಾಯಿದೋಣಿಯ ಹುಚ್ಚು ಹಿಡಿಸಿಕೊಂಡವರು ಎಲ್ಲಿ ಹೋದರೂ ಒಂದು ಪ್ರಶ್ನೆ ಬೆನ್ನು ಹತ್ತುತ್ತದೆ: ‘ಒಂದು ವಾರ ದೋಣಿ ಬಾಡಿಗೆಗೆ ಹಿಡಿದು ದಡದ ಗುಂಟ ಸುತ್ತಬೇಕು. ಇದಕ್ಕೆ ಜಗತ್ತಿನಲ್ಲೇ ಒಳ್ಳೆಯ ಕರಾವಳಿ ಯಾವುದು?’ ಕೇಳುವವರ ಕೈಯಲ್ಲಿ ಆಗಲೇ ಮೊಬೈಲ್ ಇರುತ್ತದೆ, ಮೊಬೈಲಿನಲ್ಲಿ ಒಂದು ಚಿತ್ರ. ಬಹಳ ಸಲ ಅದು ಒಂದೇ ಚಿತ್ರ. ಗ್ರೀಸಿನ ಜಾಕಿಂಥೋಸ್ ದ್ವೀಪದ ನವಾಜಿಯೊ ಕೊಲ್ಲಿ: ಸುತ್ತ ಬಿಳಿ ಸುಣ್ಣಕಲ್ಲಿನ ಗೋಡೆ, ಕೆಳಗೆ ಗಾಜಿನಂಥ ನೀಲಿ ನೀರು, ಮರಳಿನ ಮೇಲೆ ತುಕ್ಕು ಹಿಡಿದ ಹಡಗು. ‘ಇಂಥದ್ದು ಬೇಕು’ ಎನ್ನುತ್ತಾರೆ.

ನಾನು ತಿರುಗಿ ಕೇಳುವುದು ಒಂದನ್ನೇ. ಅಲ್ಲಿ ರಾತ್ರಿ ಎಲ್ಲಿ ಮಲಗುತ್ತೀರಿ? ನುಣುಚಿಕೊಳ್ಳಲು ಹೀಗೆ ಕೇಳುತ್ತಿದ್ದೇನೆಂದು ಕೆಲವರು ಮುಖ ಸಣ್ಣ ಮಾಡುತ್ತಾರೆ. ನನ್ನ ಮಟ್ಟಿಗೆ ಇದೇ ಉತ್ತರದ ಮುಕ್ಕಾಲು ಪಾಲು. ಬಿಸಿಲಿದ್ದು ಹದವಾದ ಗಾಳಿಯಿದ್ದರೆ ಹಗಲಿನಲ್ಲಿ ಯಾವ ಸಮುದ್ರವೂ ಚೆಂದ. ಕರಾವಳಿಯ ಗುಣ ಗೊತ್ತಾಗುವುದು ಕತ್ತಲಾದ ಮೇಲೆ, ಲಂಗರಿನ ಸರಪಳಿ ಕರಕರ ಎನ್ನತೊಡಗಿದಾಗ.

ಇದನ್ನು ನಾನು ಕಲಿತದ್ದು ಏಜಿಯನ್ ಸಮುದ್ರದ ಒಂದು ದ್ವೀಪದ ಬಳಿ, ಮೊದಲ ಸಲ ದೋಣಿಯ ಜವಾಬ್ದಾರಿ ನನ್ನ ಮೇಲೇ ಬಿದ್ದ ಪ್ರವಾಸದಲ್ಲಿ. ಸಂಜೆ ಲಂಗರು ಹಾಕಿದ ಜಾಗ ನೋಡಲು ಸೊಗಸಾಗಿತ್ತು. ನೀರಿನ ತಳ ಕಡು ಹಸಿರಾಗಿ ಕಾಣುತ್ತಿತ್ತು. ನಾನು ಅದನ್ನೂ ಚೆಲುವೆಂದೇ ಎಣಿಸಿದೆ. ಆ ಹಸಿರು ಪೊಸಿಡೋನಿಯ ಎಂಬ ಕಡಲಹುಲ್ಲಿನದು. ಲಂಗರಿನ ಮೊನೆ ಹುಲ್ಲಿನ ಬೇರುಗಳ ಮೇಲೆ ಜಾರುತ್ತದೆ, ಮರಳಿಗೆ ಇಳಿಯುವುದೇ ಇಲ್ಲ. ನಡುರಾತ್ರಿ ಗಾಳಿ ಎದ್ದಿತು, ದೋಣಿ ಲಂಗರನ್ನು ಎಳೆದುಕೊಂಡು ಹೊರಟಿತು. ಬೆಳಗಿನವರೆಗೆ ಎಂಜಿನ್ ಚಾಲೂ ಇಟ್ಟುಕೊಂಡು ಕೊಲ್ಲಿಯ ನಡುವೆ ಸುತ್ತು ಹಾಕಿದೆವು. ಯಾರೂ ಯಾರನ್ನೂ ಬೈಯಲಿಲ್ಲ. ಮಾತೇ ಇರಲಿಲ್ಲ ಎನ್ನುವುದು ಹೆಚ್ಚು ಸರಿ. ಅಂದಿನಿಂದ ಯಾವ ಕೊಲ್ಲಿಗೆ ಹೋದರೂ ನಾನು ಮೊದಲು ಹುಡುಕುವುದು ತಳದ ತಿಳಿ ಬಣ್ಣದ ತೇಪೆಯನ್ನು. ಅದು ಮರಳು. ಮರಳಿನಲ್ಲಿ ಲಂಗರು ಕಚ್ಚಿ ಹಿಡಿಯುತ್ತದೆ, ಗಟ್ಟಿ ಕೆಸರಿನಲ್ಲಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಅಮೆರಿಕದ ಚೆಸಪೀಕ್ ಕೊಲ್ಲಿಯ ಚಿತ್ರವನ್ನು ಯಾರೂ ಮೊಬೈಲಿನಲ್ಲಿ ಹಿಡಿದುಕೊಂಡು ಬರುವುದಿಲ್ಲ. ಕಂದು ನೀರು, ತಗ್ಗು ದಡ, ಸರಾಸರಿ ಆಳ ಆರೂವರೆ ಮೀಟರಿನಷ್ಟು. ಆದರೆ ಸುಮಾರು 320 ಕಿಲೋಮೀಟರ್ ಉದ್ದದ ಆ ಕೊಲ್ಲಿಯ ಎರಡೂ ಬದಿಗೆ ಹೊಳೆಗಳೂ ತೊರೆಗಳೂ ಸೀಳಿಕೊಂಡು ಹೋಗಿವೆ, ತಳವೆಲ್ಲ ಕೆಸರು. ಅಲ್ಲಿ ನಿದ್ದೆಗೆ ಬರವಿಲ್ಲ. ಮಧ್ಯಬೇಸಿಗೆಯಲ್ಲಿ ಮಾತ್ರ ಗಾಳಿ ಸತ್ತು, ಲೋಳೆಮೀನು ತುಂಬಿ, ಸಂಜೆ ಗುಡುಗು ಮಳೆ ಬಂದು ಬೇಸರ ಹಿಡಿಸುತ್ತದೆ. ವಸಂತವೋ ಶರತ್ಕಾಲವೋ ಆದರೆ ವಾಸಿ.

ತಳ ಹಿಡಿಯುವಂತಿದ್ದರೂ ಆಳ ಹಿಡಿಸಬೇಕು. ಐದು ಮೀಟರ್ ಆಳದಲ್ಲಿ ನಿಂತರೆ ಇಪ್ಪತ್ತೈದು ಮೀಟರಾದರೂ ಸರಪಳಿ ಬಿಡುವುದು ರೂಢಿ. ದಡದ ಪಕ್ಕದಲ್ಲೇ ಇಪ್ಪತ್ತು ಮೂವತ್ತು ಮೀಟರ್ ಆಳವಿದ್ದರೆ ಅಷ್ಟು ಸರಪಳಿ ಎಲ್ಲಿಂದ ತರುವುದು? ಕೆನಡಾದ ಡೆಸೊಲೇಷನ್ ಸೌಂಡ್ ಎಂಬ ಕಡಲ ಚಾಚಿನಲ್ಲಿ ಇದೇ ಕಥೆ. ಬೆಟ್ಟ ನೇರ ನೀರಿಗಿಳಿಯುತ್ತದೆ, ಲಂಗರು ಹಾಕಿ ಹಿಂಬದಿಯಿಂದ ಒಂದು ಹಗ್ಗವನ್ನು ದಡದ ಮರಕ್ಕೋ ಬಂಡೆಗೋ ಕಟ್ಟಬೇಕು. ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ 1792ರಲ್ಲಿ ಅಲ್ಲಿಗೆ ಹೋಗಿ, ಮನಸ್ಸಿಗೆ ಮಂಕು ಕವಿದು, ಹಾಳು ಸುರಿಯುವ ಜಾಗ ಎಂಬರ್ಥದ ಆ ಹೆಸರಿಟ್ಟ. ಈಗ ಅದೇ ಜಾಗಕ್ಕೆ ಬೇಸಿಗೆಯಲ್ಲಿ ದೋಣಿಗಳ ಸಾಲು. ಅಂಥ ಅನುಭವಿ ನಾವಿಕನ ಅಭಿಪ್ರಾಯವೇ ಹೀಗೆ ಬಿದ್ದುಹೋದ ಮೇಲೆ ನನ್ನದನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ನೀವು ಓದಬೇಕು.

ಇನ್ನು ದೂರ. ದಡದವರಿಗೆ ಇದರ ಅಂದಾಜೇ ಇರುವುದಿಲ್ಲ. ಹತ್ತು ಮೀಟರಿನ ಹಾಯಿದೋಣಿ ಗಂಟೆಗೆ ಐದು ನಾಟಿಕಲ್ ಮೈಲಿ ಹೋಗುತ್ತದೆ ಎಂದು ಲೆಕ್ಕ ಹಿಡಿಯಬೇಕು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್, ಸೈಕಲ್ ಇದಕ್ಕಿಂತ ವೇಗ. ಗಾಳಿ ಎದುರಿನಿಂದ ಬಂದರೆ ನೇರವಾಗಿ ಹೋಗಲಾಗದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹಾಯಬೇಕು, ಇಪ್ಪತ್ತು ಮೈಲಿಯ ದಾರಿ ಇಪ್ಪತ್ತೆಂಟು ಮೈಲಿಯಾಗುತ್ತದೆ. ಹಾಗಾಗಿ ನಕ್ಷೆ ಬಿಚ್ಚಿದಾಗ ನಾನು ಮಾಡುವ ಕೆಲಸ ಬಹಳ ಸರಳ. ಸಂಜೆ ತಲುಪಬೇಕಾದ ಕೊಲ್ಲಿಯ ಸುತ್ತ ಹತ್ತು ಮೈಲಿಯ ವೃತ್ತ ಎಳೆಯುತ್ತೇನೆ. ಗಾಳಿ ದಿಕ್ಕು ಬದಲಿಸಿತು, ಆ ಕೊಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂದುಕೊಳ್ಳಿ. ವೃತ್ತದೊಳಗೆ ಬೇರೆ ದಿಕ್ಕಿಗೆ ಬಾಯಿ ತೆರೆದ ಇನ್ನೆರಡು ಕೊಲ್ಲಿಗಳಿವೆಯೇ? ಇದ್ದರೆ ಅದು ಒಳ್ಳೆಯ ಕರಾವಳಿ. ಇಲ್ಲದಿದ್ದರೆ ಎಷ್ಟೇ ಸುಂದರವಾಗಿದ್ದರೂ ಅದು ನುರಿತವರ ಕರಾವಳಿ. ದ್ವೀಪಸಮೂಹಗಳನ್ನು ನಾವಿಕರು ಮೆಚ್ಚುವುದು ಇದಕ್ಕೇ. ದ್ವೀಪಕ್ಕೆ ನಾಲ್ಕು ಮಗ್ಗುಲಿರುತ್ತದೆ, ಯಾವ ಗಾಳಿಗೂ ಒಂದು ಮಗ್ಗುಲು ಮರೆಯಾಗುತ್ತದೆ.

ಆ ಮರೆಯ ಬಗ್ಗೆ ಒಂದು ಎಚ್ಚರಿಕೆ. ಎತ್ತರದ ದ್ವೀಪದ ಮರೆಯಲ್ಲಿ ಅಲೆ ಇರುವುದಿಲ್ಲ ನಿಜ, ಆದರೆ ಗಾಳಿ ಬೆಟ್ಟ ಹತ್ತಿ ಈಚೆಗೆ ಧುಮುಕುತ್ತದೆ, ತೆರೆದ ಸಮುದ್ರದಲ್ಲಿದ್ದುದಕ್ಕಿಂತ ಜೋರಾಗಿ ಬೀಸಿ ಬೀಸಿ ಹೊಡೆಯುತ್ತದೆ. ಕ್ರೊಯೇಷಿಯಾದ ಸಾವಿರಕ್ಕೂ ಹೆಚ್ಚು ದ್ವೀಪಗಳು ಈ ಆಟಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಅದೇ ಕರಾವಳಿಯ ವೆಲೆಬಿಟ್ ಪರ್ವತದಿಂದ ಇಳಿಯುವ ಬೂರಾ ಗಾಳಿ ಸೆನ್ಯ್ ಪಟ್ಟಣದ ಆಸುಪಾಸಿನಲ್ಲಿ ಅತಿ ಭೀಕರ. ಉತ್ತರ ಭಾಗ ಬಿಟ್ಟು ದಕ್ಷಿಣದ ಡಾಲ್ಮೇಷಿಯಾದಲ್ಲಿ ಬೇಸಿಗೆ ಕಳೆಯಿರಿ ಎಂದು ಹೇಳುವುದು ಇದಕ್ಕಾಗಿ. ಇನ್ನೊಂದು ಕಾಟ ಹೆದ್ದೆರೆ. ದೂರದಲ್ಲೆಲ್ಲೋ ಎದ್ದ ಅಲೆ ಭೂಶಿರವನ್ನು ಬಳಸಿಕೊಂಡು ಒಳಗೆ ಬರುತ್ತದೆ. ದೋಣಿಯ ಮೂತಿ ಗಾಳಿಗೆ, ಮಗ್ಗುಲು ಅಲೆಗೆ, ರಾತ್ರಿಯಿಡೀ ತೊಟ್ಟಿಲು. ತೊಟ್ಟಿಲಿನಲ್ಲಿ ಮಕ್ಕಳು ಮಲಗುತ್ತವೆ, ದೊಡ್ಡವರಿಗೆ ಆ ಭಾಗ್ಯವಿಲ್ಲ.

ದೇಶ ಒಂದೇ ಆದರೂ ಗಾಳಿ ಬೇರೆ ಎಂಬುದಕ್ಕೆ ಗ್ರೀಸಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪೂರ್ವದ ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್ ತಿಂಗಳು ಮೆಲ್ಟೆಮಿ ಎಂಬ ಉತ್ತರದ ಗಾಳಿಯ ಕಾಲ. ಬಾಲ್ಕನ್ ಕಡೆ ಅಧಿಕ ಒತ್ತಡ, ಅನಾಟೋಲಿಯದ ಮೇಲೆ ಕಡಿಮೆ ಒತ್ತಡ. ನಡುವೆ ಗಾಳಿ ಕಾಲುವೆಯ ನೀರಿನಂತೆ ಹರಿಯುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ, ಮುನ್ಸೂಚನೆ ಓದದವರಿಗೆ ಸುಳಿವೇ ಸಿಗುವುದಿಲ್ಲ. ಮೂವತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗದಲ್ಲಿ ಮೂರು ನಾಲ್ಕು ದಿನ ಬಿಡದೆ ಬೀಸಬಹುದು. ಇಪ್ಪತ್ತು ನಾಟ್ ಇಪ್ಪತ್ತೆಂಟಾದರೆ ‘ಎಂಟು ತಾನೇ ಹೆಚ್ಚಿತು’ ಎನ್ನುವಂತಿಲ್ಲ, ಹಾಯಿಯ ಮೇಲಿನ ಒತ್ತಡ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಮಾತು ಕಣದಲ್ಲಿ ಸರಿ, ಏಜಿಯನ್ನಿನ ಸಿಕ್ಲಡೀಸ್ ದ್ವೀಪಗಳ ನಡುವೆ ಅಲ್ಲ. ಅದೇ ಗ್ರೀಸಿನ ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರಕ್ಕೆ ಬನ್ನಿ. ಅದೇ ಜುಲೈನಲ್ಲಿ ಬೆಳಗ್ಗೆ ನೀರು ಎಣ್ಣೆಯಂತೆ ಮಲಗಿರುತ್ತದೆ. ಮಧ್ಯಾಹ್ನ ವಾಯವ್ಯದಿಂದ ಗಾಳಿ ಏಳುತ್ತದೆ, ನಾಲ್ಕೈದು ಗಂಟೆ ಚೆನ್ನಾಗಿ ಓಡಿಸುತ್ತದೆ, ಸೂರ್ಯ ಮುಳುಗುವ ಹೊತ್ತಿಗೆ ತಾನೂ ಮಲಗುತ್ತದೆ. ಲೆಫ್ಕಾಡ, ಮೆಗನೀಸಿ, ಕಲಾಮೊಸ್, ಇಥಾಕ ದ್ವೀಪಗಳು ಒಂದು ಕೆರೆಯ ಸುತ್ತ ಕೂತಂತಿವೆ. ಒಂದರಿಂದ ಇನ್ನೊಂದಕ್ಕೆ ಎರಡು ಮೂರು ಗಂಟೆಯ ದಾರಿ.

ಕೆರಿಬಿಯನ್ನಿನ ಬ್ರಿಟಿಷ್ ವರ್ಜಿನ್ ದ್ವೀಪಗಳನ್ನು ಎಲ್ಲರೂ ಹೊಗಳುತ್ತಾರೆ, ನಾನೂ ವಿರೋಧಿಸುವುದಿಲ್ಲ. ಚಳಿಗಾಲದಲ್ಲಿ ವಾಣಿಜ್ಯ ಮಾರುತ ಪೂರ್ವದಿಂದ ಹದಿನೈದು ಇಪ್ಪತ್ತು ನಾಟ್ ವೇಗದಲ್ಲಿ ಗಡಿಯಾರದಂತೆ ಬೀಸುತ್ತದೆ, ಸರ್ ಫ್ರಾನ್ಸಿಸ್ ಡ್ರೇಕ್ ಕಾಲುವೆಯ ಎರಡೂ ಬದಿಗೆ ದ್ವೀಪಗಳು ಸಾಲಾಗಿ ನಿಂತು ಸಾಗರದ ಅಲೆಯನ್ನು ತಡೆಯುತ್ತವೆ, ಹೋಗಬೇಕಾದ ಜಾಗ ಹೊರಟಲ್ಲಿಂದಲೇ ಕಣ್ಣಿಗೆ ಕಾಣುತ್ತದೆ. ನಕ್ಷೆ ಓದಲು ಬಾರದವರೂ ದಾರಿ ತಪ್ಪುವುದು ಕಷ್ಟ. ಆ ಸುಲಭವೇ ಅದರ ಕೊರತೆ ಕೂಡ: ನಿಮ್ಮಂತೆ ನೂರಾರು ದೋಣಿಗಳು ಅದೇ ದಾರಿಯಲ್ಲಿ ಬರುತ್ತವೆ. ಲಂಗರಿನ ಬದಲು ಕಟ್ಟಿಕೊಳ್ಳುವ ತೇಲುಬುರುಡೆಗಳು ಮಧ್ಯಾಹ್ನಕ್ಕೇ ತುಂಬಿಹೋಗುತ್ತವೆ. ಆ ಸಮೂಹದ ಒಂದು ದ್ವೀಪ ಮಾತ್ರ ಬೇರೆ. ಅನೇಗಾಡಾ ಎಂದರೆ ಸ್ಪ್ಯಾನಿಷ್‌ನಲ್ಲಿ ಮುಳುಗಿದ್ದು ಎಂದು ಅರ್ಥ. ಅತಿ ಎತ್ತರದ ಜಾಗವೂ ಹತ್ತು ಮೀಟರ್ ಮುಟ್ಟದ ಹವಳದ ಚಪ್ಪಟೆ ನೆಲ. ಹತ್ತಿರ ಹೋಗುವವರೆಗೆ ಕಾಣಿಸುವುದೇ ಇಲ್ಲ, ಸುತ್ತ ಹವಳದ ದಿಬ್ಬ. ಹವಳದ ನಡುವೆ ಸೂರ್ಯ ನೆತ್ತಿಯ ಮೇಲೋ ಬೆನ್ನ ಹಿಂದೋ ಇದ್ದಾಗ ಮಾತ್ರ ಹೋಗಬೇಕು, ಒಬ್ಬರು ಮೂತಿಯಲ್ಲಿ ನಿಂತು ನೀರಿನ ಬಣ್ಣ ಓದಬೇಕು.

ಉಬ್ಬರವಿಳಿತದ ವಿಷಯ ಬಂದರೆ ಜಗತ್ತು ಎರಡು ಹೋಳಾಗುತ್ತದೆ. ಸ್ಟಾಕ್‌ಹೋಮಿನ ಹೊರಗಿನ ಸುಮಾರು 30,000 ದ್ವೀಪಗಳ ನಡುವೆ ಅದು ಇಲ್ಲವೆಂದೇ ಹೇಳಬಹುದು. ಹಿಂದೆ ಲಂಗರು ಬಿಟ್ಟು, ದೋಣಿಯ ಮೂತಿಯನ್ನು ಬಂಡೆಗೆ ತಾಗಿಸಿ ಕಟ್ಟಿ, ನೇರ ಬಂಡೆಗೆ ಕಾಲಿಟ್ಟು ಇಳಿಯುತ್ತಾರೆ. ಫ್ರಾನ್ಸಿನ ಸಾಂ ಮಾಲೋದಲ್ಲಿ ದೊಡ್ಡ ಉಬ್ಬರದ ದಿನ ನೀರು ಹನ್ನೆರಡು ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಆರು ಗಂಟೆಯ ಇಳಿತದಲ್ಲಿ ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲೇ ಅರ್ಧ ನೀರು ಹೋಗಿಬಿಡುತ್ತದೆ, ಅಂದರೆ ಗಂಟೆಗೆ ಮೂರು ಮೀಟರ್. ಬೆಳಗ್ಗೆ ಎದ್ದು ನೋಡಿದರೆ ದೋಣಿ ನೆಲದ ಮೇಲೆ ಒರಗಿರುತ್ತದೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಆಲ್ಡರ್ನಿ ದ್ವೀಪದ ಪಕ್ಕ, ಪ್ರವಾಹ ಎಂಟು ನಾಟ್ ದಾಟುವುದುಂಟು. ಆರು ನಾಟ್ ಓಡುವ ದೋಣಿ ಮೂತಿ ಮುಂದಿಟ್ಟುಕೊಂಡೇ ಹಿಂದಕ್ಕೆ ಹೋಗುತ್ತದೆ. ಲೆಕ್ಕಾಚಾರದಲ್ಲಿ ಸುಖ ಕಾಣುವವರಿಗೆ ಇದು ಸ್ವರ್ಗ. ನನಗೆ ಇಷ್ಟ. ನನ್ನ ಜೊತೆ ಬಂದವರಿಗೆಲ್ಲ ಇಷ್ಟವಾಯಿತೆಂದು ಹೇಳಲಾರೆ.

ಜೊತೆಗೆ ಯಾರು ಬರುತ್ತಾರೆ ಎಂಬುದನ್ನೂ ಕೇಳುತ್ತೇನೆ. ಸಮುದ್ರ ಕಾಣದ ಮನೆಮಂದಿಯನ್ನು ಕರೆದುಕೊಂಡು ಹೋಗುವವರು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಹಾಯಿಯಲ್ಲಿರಬಾರದು. ನಾನು ಹುಚ್ಚನಾಗಿ ಪ್ರೀತಿಸುವುದು ಸ್ಕಾಟ್ಲೆಂಡಿನ ಪಶ್ಚಿಮ ತೀರವನ್ನು. ಖಾಲಿ ಕೊಲ್ಲಿಗಳು, ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕು, ಜ್ಯೂರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವೆ ಬೋರ್ಗರೆಯುವ ಕೊರಿವ್ರೆಕನ್ ಸುಳಿ. ಆದರೂ ಮೊದಲ ಪ್ರವಾಸಕ್ಕೆ ಯಾರನ್ನೂ ಅಲ್ಲಿಗೆ ಕಳುಹಿಸಿಲ್ಲ. ಜುಲೈನಲ್ಲೂ ಕಂಬಳಿ ಬೇಕು, ಗಾಳಿ ನಿಂತ ಸಂಜೆ ಕಣ್ಣಿಗೆ ಕಾಣದಷ್ಟು ಚಿಕ್ಕ ನೊರಜುಗಳು ಮುತ್ತುತ್ತವೆ.

ಜಾಗಕ್ಕಿಂತ ಮೊದಲು ತಿಂಗಳು ಹೇಳಿ ಎಂದು ಕೇಳುವುದೂ ಇದಕ್ಕೇ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ 1840ರ ದಶಕದಲ್ಲಿ ಹಡಗುಗಳ ಹಳೆಯ ದಿನಚರಿಗಳನ್ನು ಗುಡ್ಡೆ ಹಾಕಿಕೊಂಡು ಕೂತು, ಎಲ್ಲಿ ಯಾವಾಗ ಯಾವ ಗಾಳಿ ಎಂದು ನಕ್ಷೆ ಬರೆಯಲು ತೊಡಗಿದ. ಆ ಪರಂಪರೆಯ ತಿಂಗಳುವಾರು ನಕ್ಷೆಗಳು ಈಗ ಪುಕ್ಕಟೆ ಸಿಗುತ್ತವೆ. ಬಾಡಿಗೆ ಅರ್ಧಕ್ಕಿಳಿದಿದೆ ಎಂದು ಸೆಪ್ಟೆಂಬರಿನಲ್ಲಿ ಕೆರಿಬಿಯನ್ನಿಗೆ ಹೊರಡುವ ಮೊದಲು ಅವುಗಳನ್ನೊಮ್ಮೆ ನೋಡಬೇಕು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ವರ್ಜಿನ್ ದ್ವೀಪಗಳ ಮೇಲೆ ಹಾದಾಗ ದೋಣಿಗಳು ಬಂದರುಗಳಲ್ಲಿ ಒಂದರ ಮೇಲೊಂದು ಪೇರಿಸಿದಂತೆ ಬಿದ್ದಿದ್ದವು.

ಇಷ್ಟಾದ ಮೇಲೂ ‘ಒಂದೇ ಹೆಸರು ಹೇಳಿ’ ಎನ್ನುವವರಿಗೆ: ಅಯೋನಿಯನ್, ಜೂನ್ ತಿಂಗಳು. ಸೆಪ್ಟೆಂಬರಿನಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ, ಆದರೆ 2020ರ ಸೆಪ್ಟೆಂಬರಿನಲ್ಲಿ ಇಯಾನೋಸ್ ಎಂಬ ಬಿರುಗಾಳಿ ಆ ಶಾಂತ ದ್ವೀಪಗಳನ್ನೇ ಹೊಕ್ಕಿತ್ತು. ಮುನ್ಸೂಚನೆಯ ಮೇಲೆ ಕಣ್ಣಿರಲಿ. ಮೊದಲ ದಿನ ಹತ್ತು ಮೈಲಿಗಿಂತ ಹೆಚ್ಚು ಬೇಡ.

ಇನ್ನು ಆ ಮೊಬೈಲಿನ ಚಿತ್ರ. ನವಾಜಿಯೊ ಇರುವುದು ಇದೇ ಅಯೋನಿಯನ್ನಿನಲ್ಲಿ, ಜಾಕಿಂಥೋಸಿನ ವಾಯವ್ಯ ತೀರದಲ್ಲಿ. ಮಧ್ಯಾಹ್ನದ ಗಾಳಿ ಬರುವುದೂ ಆ ಕಡೆಯಿಂದಲೇ. ಮರಳಿನ ಮೇಲಿರುವ ಆ ಹಡಗು 1980ರಲ್ಲಿ ಅಲ್ಲಿಗೆ ಬಂದದ್ದು ಚಿತ್ರಕ್ಕೆ ಶೋಭೆ ತರಲೆಂದಲ್ಲ. ಮೇಲಿನ ಬಂಡೆಯೂ ನಂಬಿಕೆಗೆ ಯೋಗ್ಯವಲ್ಲ, 2018ರಲ್ಲಿ ಅದರ ಒಂದು ಭಾಗ ಕುಸಿದು ಕೆಳಗಿದ್ದವರಿಗೆ ಗಾಯಗಳಾದವು. ನೋಡಲೇಬೇಕೆಂದಿದ್ದರೆ ಬೆಳಗ್ಗೆ ಒಂಬತ್ತರ ಹೊತ್ತಿಗೆ, ನೀರು ಇನ್ನೂ ಮಲಗಿರುವಾಗ ಹೋಗಿ. ದಡದಿಂದ ದೂರದಲ್ಲೇ ನಿಂತು ಚಿತ್ರ ತೆಗೆದುಕೊಂಡು, ಗಾಳಿ ಏಳುವ ಮುಂಚೆ ದ್ವೀಪದ ಉತ್ತರದ ತುದಿಯನ್ನು ಸುತ್ತಿ ಪೂರ್ವದ ಮಗ್ಗುಲಿಗೆ ಬಂದುಬಿಡಿ.